'ಬರ್ತೀನಂತ ಹೇಳ್ಯಾನ': ಯಾದಗಿರಿ ಸೀಮೆಯ ಮಾತು ಮತ್ತು ಇಂಗ್ಲಿಷಿನ ಉಪವಾಕ್ಯ

'ಅವ ನಾಳಿ ಬರ್ತೀನಂತ ಹೇಳ್ಯಾನ.' ಯಾದಗಿರಿ, ಶಹಾಪುರ, ಸುರಪುರ ಸೀಮೆಯಲ್ಲಿ ಇಂಥ ಮಾತು ದಿನಕ್ಕೆ ಎಷ್ಟು ಸಲ ಕಿವಿಗೆ ಬೀಳುತ್ತದೋ ಲೆಕ್ಕವಿಲ್ಲ. ಇದನ್ನೇ ಇಂಗ್ಲಿಷಿನಲ್ಲಿ ಬರೆಯಲು ಹೇಳಿದರೆ ಕನ್ನಡ ಮಾಧ್ಯಮದ ವಿದ್ಯಾರ್ಥಿ ಸಾಮಾನ್ಯವಾಗಿ 'ಹಿ ಟೋಲ್ಡ್ ದಟ್ ಐ ವಿಲ್ ಕಮ್ ಟುಮಾರೋ' ಎಂದು ಬರೆಯುತ್ತಾನೆ. ಶಿಕ್ಷಕರು ಕೆಂಪು ಶಾಯಿಯಲ್ಲಿ 'ಐ' ಹೊಡೆದು 'ಹಿ' ಮಾಡುತ್ತಾರೆ, 'ವಿಲ್' ಹೊಡೆದು 'ವುಡ್' ಮಾಡುತ್ತಾರೆ. ತಿದ್ದುಪಡಿ ಸರಿಯಾದುದೇ. ಆದರೆ ವಿದ್ಯಾರ್ಥಿ ಹಾಗೆ ಬರೆದದ್ದಕ್ಕೆ ಕಾರಣ ಅಜಾಗರೂಕತೆಯಲ್ಲ. ಅವನ ಮನೆಮಾತಿನ ವಾಕ್ಯರಚನೆಯಲ್ಲಿ 'ಬರ್ತೀನಿ' ಎಂಬ ಉತ್ತಮಪುರುಷದ ಕ್ರಿಯಾಪದ ಹೇಳಿದವನ ಬಾಯಿಂದ ಬಂದಂತೆಯೇ ಉಳಿಯುತ್ತದೆ. 'ಅಂತ' ಅದನ್ನು ಮುಟ್ಟದೆ, ಮುರಿಯದೆ ಎತ್ತಿಕೊಂಡು ಬಂದು ದೊಡ್ಡ ವಾಕ್ಯದೊಳಗೆ ಕೂರಿಸುತ್ತದೆ. ವಿದ್ಯಾರ್ಥಿ ತನಗೆ ಚೆನ್ನಾಗಿ ಗೊತ್ತಿರುವ ನಿಯಮವೊಂದನ್ನು ನಿಷ್ಠೆಯಿಂದ ಪಾಲಿಸಿದ್ದಾನೆ. ಆ ನಿಯಮ ಇಂಗ್ಲಿಷಿನದಲ್ಲ, ಅಷ್ಟೇ.

ಈ ಟಿಪ್ಪಣಿಯ ವಾದ ಇದು: ಇಂಗ್ಲಿಷಿನ ಉಪವಾಕ್ಯ ಮತ್ತು ವಾಕ್ಯಪ್ರಕಾರಗಳ ಪಾಠದಲ್ಲಿ ಈ ಸೀಮೆಯ ಮಕ್ಕಳು ಎಡವುವ ಜಾಗಗಳು ಬಹುಪಾಲು ಒಂದೇ ಬೇರಿನಿಂದ ಹುಟ್ಟುತ್ತವೆ. ಒಂದು ವಾಕ್ಯದಲ್ಲಿ ಪೂರ್ಣ ಕ್ರಿಯಾಪದ ಎಷ್ಟು ಸಲ, ಎಲ್ಲಿ ನಿಲ್ಲಬಹುದು ಎಂಬುದರಲ್ಲಿ ಕನ್ನಡಕ್ಕೂ ಇಂಗ್ಲಿಷಿಗೂ ಇರುವ ವ್ಯತ್ಯಾಸವೇ ಆ ಬೇರು. ನಮ್ಮ ಶಾಲೆಗಳ ವ್ಯಾಕರಣ ಪಾಠ ಅದನ್ನು ಎಲ್ಲಿಯೂ ಬಾಯಿಬಿಟ್ಟು ಹೇಳುವುದಿಲ್ಲ.

ಈ ಸೀಮೆಗೆ ಇಂಗ್ಲಿಷ್ ಬಂದ ದಾರಿಯನ್ನು ಮೊದಲು ನೋಡಬೇಕು. ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ 1841ರಲ್ಲಿ ಸುರಪುರ ಸಂಸ್ಥಾನಕ್ಕೆ ಬಂದು 1853ರವರೆಗೆ ಇಲ್ಲಿದ್ದರು. ಠಗ್ಗರನ್ನು ಕುರಿತ ಅವರ ಕಾದಂಬರಿ ಅದಕ್ಕೂ ಮೊದಲೇ, 1839ರಲ್ಲಿ ಅಚ್ಚಾಗಿತ್ತು. ಸುರಪುರದ ದಿನಗಳನ್ನು ಅವರು ಬರೆದುಕೊಂಡ ಆತ್ಮಕಥೆ ತೀರಿಕೊಂಡ ಮರುವರ್ಷ, 1877ರಲ್ಲಿ ಹೊರಬಂತು. ವಿಕ್ಟೋರಿಯಾ ಕಾಲದ ಇಂಗ್ಲಿಷ್ ಗದ್ಯ ಒಂದು ಪ್ರಧಾನ ವಾಕ್ಯದ ಮೈಗೆ ನಾಲ್ಕೈದು ಉಪವಾಕ್ಯಗಳನ್ನು ಹೆಣೆಯುವ ಗದ್ಯ. ಅಂಥ ಗದ್ಯ ಬರೆಯುವವರು ಇಲ್ಲಿನ ಬೆಟ್ಟದ ಮೇಲಿನ ಬಂಗಲೆಯಲ್ಲೇ ಇದ್ದರು. ಆದರೆ ಊರಿನ ಮಕ್ಕಳಿಗೆ ಆ ಗದ್ಯ ಪಾಠವಾಗಿ ಇಳಿಯಲಿಲ್ಲ. 1858ರಲ್ಲಿ ರಾಜಾ ವೆಂಕಟಪ್ಪ ನಾಯಕರ ಬಂಡಾಯ ಮುರಿದುಬಿದ್ದು, 1860ರಲ್ಲಿ ಸುರಪುರ ನಿಜಾಮರ ಕೈಗೆ ಸೇರಿತು. 1884ರಲ್ಲಿ ಹೈದರಾಬಾದ್ ಸಂಸ್ಥಾನದ ಆಡಳಿತ ಭಾಷೆ ಪಾರಸಿಯಿಂದ ಉರ್ದುವಿಗೆ ಬದಲಾಯಿತು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉನ್ನತ ಶಿಕ್ಷಣವನ್ನೂ ಉರ್ದುವಿನಲ್ಲೇ ಕೊಟ್ಟಿತು, ಇಂಗ್ಲಿಷನ್ನು ಕಡ್ಡಾಯ ಭಾಷಾವಿಷಯವಾಗಿ ಉಳಿಸಿಕೊಂಡಿತು. ಹೀಗಾಗಿ ಮೈಸೂರಿನ ಹುಡುಗ ಕನ್ನಡದ ಮೂಲಕ ಇಂಗ್ಲಿಷ್ ವ್ಯಾಕರಣ ಕಲಿಯುತ್ತಿದ್ದ ಕಾಲದಲ್ಲಿ ಶಹಾಪುರದ ಹುಡುಗ ಉರ್ದುವಿನ ಫೇಲ್ (ಕ್ರಿಯೆ), ಫಾಯಿಲ್ (ಕರ್ತೃ), ಮಫೂಲ್ (ಕರ್ಮ), ಜುಮ್ಲಾ (ವಾಕ್ಯ)ಗಳನ್ನು ದಾಟಿ ಇಂಗ್ಲಿಷ್ ಮುಟ್ಟಬೇಕಿತ್ತು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು, ಅದರಾಚೆ ಇಂಗ್ಲಿಷ್. ಕನ್ನಡದ ವಾಕ್ಯವನ್ನೂ ಇಂಗ್ಲಿಷಿನ ವಾಕ್ಯವನ್ನೂ ಎದುರುಬದುರು ಇಟ್ಟು ನೋಡುವ ಸಂಪ್ರದಾಯ ಇಲ್ಲಿ ಬೆಳೆಯಲು ಅವಕಾಶವೇ ಇರಲಿಲ್ಲ. 1948ರ ಸೆಪ್ಟೆಂಬರ್ 17ರ ವಿಮೋಚನೆ, 1956ರ ರಾಜ್ಯ ಪುನರ್ವಿಂಗಡಣೆಯ ನಂತರ ಕನ್ನಡ ಶಾಲೆಗಳು ಹರಡಿದವು. 2009ರ ಡಿಸೆಂಬರಿನಲ್ಲಿ ಯಾದಗಿರಿ ಬೇರೆ ಜಿಲ್ಲೆಯಾಯಿತು. 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಶೇ. 51.83, ಕರ್ನಾಟಕದಲ್ಲೇ ಕಡಿಮೆ. 2024ರ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲೂ ಜಿಲ್ಲೆ ಕೊನೆಯ ಸ್ಥಾನದಲ್ಲಿತ್ತು. ಈ ಅಂಕಿಗಳಿಗೆ ಬಡತನ, ವಲಸೆ, ಶಿಕ್ಷಕರ ಕೊರತೆ ಎಲ್ಲವೂ ಕಾರಣ. ವ್ಯಾಕರಣದ ಮೇಲೆ ಆ ಹೊರೆಯನ್ನೆಲ್ಲ ಹೊರಿಸಲಾಗದು. ಆದರೆ ವ್ಯಾಕರಣದ ಪಾಲಿನದನ್ನು ಸರಿಪಡಿಸಲು ಹಣ ಬೇಕಿಲ್ಲ.

ಈಗ ವಿಷಯದ ನಡುವಿಗೆ ಬರೋಣ. 'ಮುಂಜಾನೆ ಎದ್ದು, ಮಾರಿ ತೊಳ್ಕೊಂಡು, ರೊಟ್ಟಿ ತಿಂದು, ಹೊಲಕ್ಕ ಹೋದ.' ಇಲ್ಲಿ ನಾಲ್ಕು ಕೆಲಸಗಳಿವೆ, ಪೂರ್ಣ ಕ್ರಿಯಾಪದ ಒಂದೇ: 'ಹೋದ'. ಎದ್ದು, ತೊಳ್ಕೊಂಡು, ತಿಂದು ಎಂಬ ಮೂರೂ ಕೃದಂತಾವ್ಯಯಗಳು. ಅವಕ್ಕೆ ಕರ್ತೃವಿನ ಲಿಂಗ, ವಚನ, ಪುರುಷದ ಗುರುತಿಲ್ಲ. ಇಂಗ್ಲಿಷಿನಲ್ಲಿ ಇದೇ ಮಾತಿಗೆ 'ಗಾಟ್ ಅಪ್', 'ವಾಶ್ಡ್', 'ಏಟ್', 'ವೆಂಟ್' ಎಂದು ನಾಲ್ಕೂ ಕಡೆ ಕಾಲ ತೋರಿಸುವ ಪೂರ್ಣ ಕ್ರಿಯಾಪದಗಳು ಬರುತ್ತವೆ. ಕನ್ನಡ ಕೊನೆಯ ಕ್ರಿಯೆಯೊಂದಕ್ಕೆ ಪಾಗು ಸುತ್ತಿ ಉಳಿದವನ್ನು ಬರಿತಲೆಯಲ್ಲಿ ನಡೆಸುತ್ತದೆ; ಇಂಗ್ಲಿಷಿನಲ್ಲಿ ಪ್ರತಿಯೊಂದಕ್ಕೂ ಪಾಗು ಬೇಕು. ದ್ರಾವಿಡ ಭಾಷೆಗಳ ವಾಕ್ಯರಚನೆಯನ್ನು ಆಳವಾಗಿ ನೋಡಿದ ಸ್ಯಾನ್‌ಫರ್ಡ್ ಸ್ಟೀವರ್ ಇದನ್ನು ಈ ಕುಟುಂಬದ ಮೂಲಭೂತ ಲಕ್ಷಣವೆಂದೇ ಗುರುತಿಸಿದ್ದಾರೆ: ಸಾಮಾನ್ಯವಾಗಿ ಒಂದು ವಾಕ್ಯಕ್ಕೆ ಒಂದೇ ಪೂರ್ಣ ಕ್ರಿಯೆ. ಅದಕ್ಕಿಂತ ಹೆಚ್ಚು ಬರಬೇಕಾದರೆ ನಡುವೆ ವಿಶೇಷ ಕೊಂಡಿಯೊಂದು ಬೇಕು.

ಆ ಕೊಂಡಿಗಳು ಯಾವುವು ಎಂಬುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಕನ್ನಡದಲ್ಲಿ ಅಂಥವು ಎರಡು. ಒಂದು, 'ಅಂತ', ಬರಹದಲ್ಲಿ 'ಎಂದು', 'ಎಂಬ'. ಇನ್ನೊಂದು, ಕ್ರಿಯಾಪದದ ತುದಿಗೆ ಅಂಟುವ 'ಓ'. 'ಬರ್ತೀನಂತ ಹೇಳ್ಯಾನ', 'ಮಳಿ ಬರ್ತದಂತ ಕಾದ್ವಿ', 'ಬಂದಾನೋ ಇಲ್ಲೋ ಗೊತ್ತಿಲ್ಲ', 'ಯಾರು ದುಡೀತಾರೋ ಅವ್ರು ಉಣ್ತಾರ'. ಈ ನಾಲ್ಕರಲ್ಲೂ ಒಂದಕ್ಕಿಂತ ಹೆಚ್ಚು ಪೂರ್ಣ ಕ್ರಿಯಾಪದಗಳಿವೆ. ಅಂದರೆ ಒಂದು ಇಡೀ ವಾಕ್ಯ ಇನ್ನೊಂದು ವಾಕ್ಯದೊಳಗೆ ಕೂರಬಲ್ಲದು ಎಂಬ ತಿಳಿವಳಿಕೆ ಈ ಸೀಮೆಯ ಆರು ವರ್ಷದ ಮಗುವಿಗೂ ಇದೆ. ಇಂಗ್ಲಿಷಿನ ಉಪವಾಕ್ಯ ಎಂದರೆ ಇದೇ. ಪಾಠವನ್ನು ಇಲ್ಲಿಂದ ತೊಡಗಿದರೆ ಮಗುವಿಗೆ ಹೊಸದಾಗಿ ಕಲಿಯಬೇಕಾದ್ದು ಎರಡೇ ಸಂಗತಿ: 'ಅಂತ' ಕೊನೆಯಲ್ಲಿ ಬಂದರೆ 'ದಟ್' ಮೊದಲಲ್ಲಿ ಬರುತ್ತದೆ, ಕನ್ನಡದಲ್ಲಿ ಹೇಳಿದವನ 'ನಾನು' ಹಾಗೇ ಉಳಿದರೆ ಇಂಗ್ಲಿಷಿನಲ್ಲಿ ವರದಿ ಮಾಡುವವನ ಕಡೆಯಿಂದ ಎಣಿಸಿ 'ಅವನು' ಆಗುತ್ತದೆ, ಕಾಲವೂ ಅದರ ಜತೆ ಹಿಂದೆ ಸರಿಯುತ್ತದೆ. ಪರೀಕ್ಷೆಯಲ್ಲಿ 'ರಿಪೋರ್ಟೆಡ್ ಸ್ಪೀಚ್' ಎಂದು ಕೇಳುವ ಪ್ರಶ್ನೆಯ ತಿರುಳು ಇಷ್ಟೇ. ಈಗ ಅದನ್ನು 'ವಿಲ್ ಇದ್ದರೆ ವುಡ್, ಟುಮಾರೋ ಇದ್ದರೆ ದಿ ನೆಕ್ಸ್ಟ್ ಡೇ' ಎಂಬ ಪಟ್ಟಿಯಾಗಿ ಉರು ಹೊಡೆಸಲಾಗುತ್ತದೆ. ಪಟ್ಟಿ ಪರೀಕ್ಷೆಯ ತನಕ ನೆನಪಿರುತ್ತದೆ. ಕಾರಣ ತಿಳಿದರೆ ಮುಂದೆಯೂ ಉಳಿಯುತ್ತದೆ.

ಈ ಸೀಮೆಗೆ ಇನ್ನೊಂದು ಅನುಕೂಲವಿದೆ. ಇಲ್ಲಿನ ತರಗತಿಯಲ್ಲಿ ಕನ್ನಡದ ಮಕ್ಕಳ ಪಕ್ಕದಲ್ಲಿ ದಖನಿ ಉರ್ದುವಿನ ಮಕ್ಕಳು ಕೂರುತ್ತಾರೆ. ಗುರುಮಠಕಲ್ ಕಡೆ ತೆಲುಗು ಮನೆಮಾತಿನ ಮಕ್ಕಳೂ ಇರುತ್ತಾರೆ. ಕನ್ನಡದಲ್ಲಿ 'ಬರ್ತೀನಂತ ಹೇಳ್ದ' ಎನ್ನುವುದನ್ನು ತೆಲುಗಿನ ಮಗು 'ವಸ್ತಾನನಿ ಚೆಪ್ಪಾಡು' ಎನ್ನುತ್ತದೆ. ದಖನಿಯ ಮಗು 'ಆತೂಂ ಬೋಲ್‌ಕೆ ಬೋಲಾ' ಎನ್ನುತ್ತದೆ. ಉತ್ತರದ ಹಿಂದಿ-ಉರ್ದುವಿನಲ್ಲಿ 'ಉಸ್‌ನೇ ಕಹಾ ಕಿ' ಎಂದು ಕೊಂಡಿ ಮುಂಚೆ ಬಂದು ಒಳವಾಕ್ಯ ಆಮೇಲೆ ಬರುತ್ತದೆ. ದಖನಿ ಮಾತ್ರ ಶತಮಾನಗಳ ಕಾಲ ಕನ್ನಡ, ತೆಲುಗುಗಳ ನಡುವೆ ಬಾಳಿ, 'ಅಂತ', 'ಅನಿ'ಗಳ ಜಾಗದಲ್ಲೇ 'ಬೋಲ್‌ಕೆ'ಯನ್ನು ನಿಲ್ಲಿಸಿಕೊಂಡಿದೆ. 'ನಿನ್ನಿ ಬಂದ ಮನಶ್ಯಾ' ಎಂಬುದಕ್ಕೂ ದಖನಿಯಲ್ಲಿ 'ಕಲ್ ಆಯಾ ಸೋ ಆದ್ಮಿ' ಎಂಬ ನೇರ ಸಾಟಿ ಇದೆ. ಹೀಗೆ ಮೂರು ಮನೆಮಾತುಗಳ ಮಕ್ಕಳು ಉಪವಾಕ್ಯದ ವಿಷಯದಲ್ಲಿ ಒಂದೇ ಕಡೆ ನಿಂತಿದ್ದಾರೆ. ಶಿಕ್ಷಕರು ಕನ್ನಡದಲ್ಲಿ ಒಮ್ಮೆ ತೋರಿಸಿಕೊಟ್ಟ ರಚನೆ ಇಡೀ ತರಗತಿಗೆ ಸಲ್ಲುತ್ತದೆ.

ಭಾಷೆಗಳು ಹೀಗೆ ಒಂದರ ವಾಕ್ಯರಚನೆಯನ್ನು ಇನ್ನೊಂದು ತೆಗೆದುಕೊಳ್ಳುವುದು ವಿದ್ವತ್ ಲೋಕಕ್ಕೆ ಹೊಸತಲ್ಲ. ಸಾಂಗ್ಲಿ ಜಿಲ್ಲೆಯ ಕುಪವಾಡ ಎಂಬ ಹಳ್ಳಿಯಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ಮಾತುಗಳು ಹೇಗೆ ಒಂದೇ ವಾಕ್ಯದ ಅಚ್ಚಿಗೆ ಸರಿದವು ಎಂಬುದನ್ನು ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ದಾಖಲಿಸಿದರು. ಕರಾವಳಿಯ ಸಾರಸ್ವತ ಕೊಂಕಣಿ ಕನ್ನಡದ 'ಯಾವ... ಓ... ಆ' ಮಾದರಿಯನ್ನು ಅಳವಡಿಸಿಕೊಂಡದ್ದನ್ನು ನಾಡಕರ್ಣಿ 1975ರಲ್ಲಿ ತೋರಿಸಿದರು. ಕುಪವಾಡದ ಅಧ್ಯಯನದಲ್ಲಿ ನಮ್ಮ ಸೀಮೆಗೆ ನೇರವಾಗಿ ಒದಗುವ ಒಂದು ಅಂಶವಿದೆ. ದಕ್ಷಿಣದ ಕನ್ನಡದಲ್ಲಿ 'ಇದು ನಮ್ಮ ಮನೆ', 'ಅವರು ಮೇಷ್ಟ್ರು' ಎಂದರೆ ವಾಕ್ಯ ಮುಗಿಯಿತು, ಕ್ರಿಯಾಪದ ಬೇಡ. ಅಲ್ಲಿನ ಮಗು ಇಂಗ್ಲಿಷಿನಲ್ಲಿ 'ಈಸ್' ಬಿಟ್ಟುಬಿಡುವುದು ಅದರಿಂದಲೇ. ಕುಪವಾಡದ ಕನ್ನಡದಂತೆ ನಮ್ಮಲ್ಲಿಯೂ 'ಇದು ನಮ್ಮ ಮನಿ ಅದ', 'ಅವ ಮಾಸ್ತರ ಇದ್ದಾನ', 'ಅಕಿ ಭಾಳ ಶ್ಯಾಣ್ಯಾಕಿ ಇದ್ದಾಳ' ಎಂಬ ಮಾತು ರೂಢಿಯಲ್ಲಿದೆ. 'ಅದ', 'ಇದ್ದಾನ'ಗಳು ಇಂಗ್ಲಿಷಿನ 'ಈಸ್' ನಿಲ್ಲುವ ಕೆಲಸವನ್ನೇ ಮಾಡುತ್ತಿವೆ. ಅಶುದ್ಧವೆಂದು ತಿದ್ದಿಸಿಕೊಳ್ಳುವ ಈ ಮಾತು ಇಂಗ್ಲಿಷಿನ ಸರಳವಾಕ್ಯಕ್ಕೆ ಸಿದ್ಧವಾಗಿಯೇ ಇರುವ ಮೆಟ್ಟಿಲು.

ಎಲ್ಲಕ್ಕಿಂತ ಕಠಿಣವಾದುದು ಇಂಗ್ಲಿಷಿನಲ್ಲಿ ವಿಶೇಷಣದ ಕೆಲಸ ಮಾಡುವ ಉಪವಾಕ್ಯ. ಇಲ್ಲಿ ತುಸು ನಿಲ್ಲಬೇಕು. 'ನಾವು ಬಂದ ಬಸ್ಸು', 'ನಾವು ಬಂದ ದಿನ', 'ನಾವು ಬಂದ ದಾರಿ', 'ನಾವು ಬಂದ ಕಾರಣ', 'ನಿನ್ನಿ ಬಂದ ಹುಡುಗ' ಎಂಬ ಐದರಲ್ಲೂ 'ಬಂದ' ಎಂಬ ಒಂದೇ ಕೃದಂತ. ಬಸ್ಸು ಸಾಧನ, ದಿನ ಕಾಲ, ದಾರಿ ಸ್ಥಳ, ಕಾರಣ ಕಾರಣವೇ, ಹುಡುಗ ಕರ್ತೃ. ಈ ಸಂಬಂಧಗಳನ್ನೆಲ್ಲ ಕನ್ನಡ ಬಾಯಿಬಿಟ್ಟು ಹೇಳುವುದಿಲ್ಲ. ಕೇಳುವವನ ಲೋಕಜ್ಞಾನಕ್ಕೆ ಬಿಡುತ್ತದೆ. ಇಂಗ್ಲಿಷಿನಲ್ಲಿ ಅದು ಸಾಮಾನ್ಯವಾಗಿ ನಡೆಯದು. 'ದಿ ಬಸ್ ಬೈ ವಿಚ್ ವಿ ಕೇಮ್', 'ದಿ ಡೇ ವೆನ್ ವಿ ಕೇಮ್', 'ದಿ ರೋಡ್ ಬೈ ವಿಚ್ ವಿ ಕೇಮ್', 'ದಿ ರೀಸನ್ ವೈ ವಿ ಕೇಮ್', 'ದಿ ಬಾಯ್ ಹೂ ಕೇಮ್' ಎಂದು ಹೆಚ್ಚಾಗಿ ಸಂಬಂಧದ ಹೆಸರು ಹೇಳಿಯೇ ಮುಂದೆ ಹೋಗಬೇಕು. ದ್ರಾವಿಡ ಭಾಷೆಗಳ ಈ ರಚನೆಯನ್ನು ಕಾಲ್ಡ್‌ವೆಲ್ 1856ರ ತೌಲನಿಕ ವ್ಯಾಕರಣದಲ್ಲೇ ಎತ್ತಿ ತೋರಿಸಿದ್ದರು. ನೂರಎಪ್ಪತ್ತು ವರ್ಷವಾಗುತ್ತ ಬಂದರೂ ಆ ಅರಿವು ತರಗತಿಗೆ ಇಳಿದಿಲ್ಲ. ಮಕ್ಕಳು 'ದಿ ಮ್ಯಾನ್ ಕೇಮ್ ಯೆಸ್ಟರ್‌ಡೇ ಈಸ್ ಮೈ ಅಂಕಲ್' ಎಂದು ಬರೆಯುತ್ತಾರೆ. 'ಹೂ' ಬಿಟ್ಟುಹೋಯಿತು ಎಂದು ತಿದ್ದುತ್ತೇವೆ. 'ಬಂದ' ಎಂಬುದರಲ್ಲಿ 'ಹೂ' ಮತ್ತು 'ಕೇಮ್' ಎರಡೂ ಅಡಗಿವೆ, ಅದನ್ನು ಒಡೆದು ಎರಡು ಪದ ಮಾಡಬೇಕು ಎಂದು ಹೇಳಿಕೊಟ್ಟರೆ ಮಗು ತಾನೇ ಆ 'ಹೂ'ವನ್ನು ಹುಡುಕಿಕೊಳ್ಳುತ್ತದೆ.

ಇದಕ್ಕೆ ನಡುದಾರಿಯೊಂದು ಇಂಗ್ಲಿಷಿನೊಳಗೇ ಇದೆ. 'ಅಲ್ಲಿ ನಿಂತ ಮನಶ್ಯಾ' ಎಂಬುದಕ್ಕೆ 'ದಿ ಮ್ಯಾನ್ ಸ್ಟ್ಯಾಂಡಿಂಗ್ ದೇರ್', 'ಟೇಲರ್ ಬರೆದ ಪುಸ್ತಕ' ಎಂಬುದಕ್ಕೆ 'ದಿ ಬುಕ್ ರಿಟನ್ ಬೈ ಟೇಲರ್'. ಇವೂ ಕೃದಂತಗಳೇ. ಕನ್ನಡದಲ್ಲಿ ನಾಮಪದಕ್ಕಿಂತ ಮೊದಲು ನಿಂತದ್ದು ಇಂಗ್ಲಿಷಿನಲ್ಲಿ ಅದರ ನಂತರ ಹೋಗಿ ನಿಲ್ಲುತ್ತದೆ. ಮೊದಲು ಇವನ್ನು ಕಲಿಸಿ, ಆಮೇಲೆ 'ಹೂ ಈಸ್ ಸ್ಟ್ಯಾಂಡಿಂಗ್', 'ವಿಚ್ ವಾಸ್ ರಿಟನ್' ಎಂದು ಪೂರ್ಣ ಕ್ರಿಯೆಯನ್ನು ಬಿಡಿಸಿ ತೋರಿಸಿದರೆ ಮಗುವಿನ ಹೆಜ್ಜೆ ಚಿಕ್ಕದಾಗುತ್ತದೆ. ಈಗಿನ ಕ್ರಮ ಇದಕ್ಕೆ ಉಲ್ಟಾ. ಮೊದಲು 'ಹೂ, ವಿಚ್, ದಟ್' ಪಟ್ಟಿ, ಎಷ್ಟೋ ಕಾಲದ ನಂತರ ಅದನ್ನು ಕೃದಂತಕ್ಕೆ ಇಳಿಸುವ ಅಭ್ಯಾಸ.

ಈ ಕ್ರಮ ಬಂದದ್ದು ಹಳೆಯ ಪಠ್ಯಪುಸ್ತಕಗಳಿಂದ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ನೆಸ್‌ಫೀಲ್ಡರ ಪುಸ್ತಕಗಳು, 1930ರ ದಶಕದಿಂದ ರೆನ್ ಮತ್ತು ಮಾರ್ಟಿನರ ಪುಸ್ತಕ ಭಾರತದ ಶಾಲೆಗಳಲ್ಲಿ ಇಂಗ್ಲಿಷ್ ವ್ಯಾಕರಣದ ಅಚ್ಚನ್ನು ನಿರ್ಧರಿಸಿದವು. ಅವುಗಳ ಪ್ರಕಾರ ಕರ್ತೃವೂ ಪೂರ್ಣ ಕ್ರಿಯೆಯೂ ಇದ್ದರಷ್ಟೇ ಉಪವಾಕ್ಯ. 'ಸ್ಟ್ಯಾಂಡಿಂಗ್ ದೇರ್' ಕೇವಲ ಪದಗುಚ್ಛ. ಕ್ವರ್ಕ್ ಮತ್ತು ಸಂಗಡಿಗರ 1985ರ ಬೃಹತ್ ಇಂಗ್ಲಿಷ್ ವ್ಯಾಕರಣ ಈ ಗೆರೆಯನ್ನು ಒಪ್ಪಲಿಲ್ಲ. ಅಪೂರ್ಣ ಕ್ರಿಯೆಯುಳ್ಳದ್ದೂ ಉಪವಾಕ್ಯವೇ ಎಂದು ಅದು ವಿಂಗಡಿಸಿತು. ಹಡಲ್‌ಸ್ಟನ್ ಮತ್ತು ಪುಲ್ಲಂ 2002ರಲ್ಲಿ ತಂದ ಕೇಂಬ್ರಿಜ್ ವ್ಯಾಕರಣದ ನಿಲುವೂ ಅದೇ. ಕನ್ನಡದ ಮಕ್ಕಳಿಗೆ ಇದು ಬರಿಯ ಪರಿಭಾಷೆಯ ಜಗಳವಲ್ಲ. ಹಳೆಯ ವ್ಯಾಖ್ಯೆಯ ಪ್ರಕಾರ 'ಎದ್ದು', 'ಬಂದ', 'ಬಂದರ' ಯಾವುವೂ ಉಪವಾಕ್ಯವಲ್ಲ, ಹಾಗಾಗಿ ಕನ್ನಡದಲ್ಲಿ ಉಪವಾಕ್ಯಗಳೇ ವಿರಳ, ಇಂಗ್ಲಿಷಿನದೆಲ್ಲ ಹೊಸತು. ಹೊಸ ವ್ಯಾಖ್ಯೆಯ ಪ್ರಕಾರ ನಾವು ಆಡುವ ಮಾತಿನ ತುಂಬ ಉಪವಾಕ್ಯಗಳೇ, ಇಂಗ್ಲಿಷ್ ಅವನ್ನು ಬೇರೆ ರೂಪದಲ್ಲಿ ಕಟ್ಟುತ್ತದೆ ಅಷ್ಟೆ. ಎರಡನೆಯದು ಸತ್ಯಕ್ಕೂ ಹತ್ತಿರ, ಮಗುವಿಗೂ ಹತ್ತಿರ. ನನ್ನ ಮತ ಖಚಿತವಾಗಿ ಎರಡನೆಯದರ ಪರ.

ಕನ್ನಡ ವ್ಯಾಕರಣದ ಕಡೆಗೂ ಒಂದು ಮಾತು. ಹದಿಮೂರನೆಯ ಶತಮಾನದ ಕೇಶಿರಾಜನ 'ಶಬ್ದಮಣಿದರ್ಪಣ'ದಲ್ಲಿ ಸಂಧಿ, ನಾಮ, ಸಮಾಸ, ತದ್ಧಿತ, ಆಖ್ಯಾತ, ಧಾತು, ಅಪಭ್ರಂಶ, ಅವ್ಯಯ ಪ್ರಕರಣಗಳಿವೆ. ವಾಕ್ಯಕ್ಕೆಂದೇ ಮೀಸಲಾದ ಪ್ರಕರಣವಿಲ್ಲ. ಇಂದಿನ ಕನ್ನಡ ಪಠ್ಯಪುಸ್ತಕಗಳಲ್ಲಿ ಕಾಣುವ ಸಾಮಾನ್ಯ ವಾಕ್ಯ, ಸಂಯೋಜಿತ ವಾಕ್ಯ, ಮಿಶ್ರ ವಾಕ್ಯ ಎಂಬ ವಿಂಗಡಣೆ ಇಂಗ್ಲಿಷ್ ಶಾಲಾ ವ್ಯಾಕರಣದ ನೆರಳು. ಆದ್ದರಿಂದ ಮಗು ಕನ್ನಡ ತರಗತಿಯಲ್ಲಿ ಕಲಿತ 'ಸಾಮಾನ್ಯ ವಾಕ್ಯ'ವನ್ನು ಇಂಗ್ಲಿಷಿನ 'ಸಿಂಪಲ್' ಎಂದು ಭಾವಿಸಿ ಅನುವಾದಕ್ಕೆ ಹೊರಟರೆ ಮೋಸಹೋಗುತ್ತದೆ. 'ಮಳಿ ಬಂದು ಕೆರಿ ತುಂಬ್ತು' ಎಂಬಲ್ಲಿ ಪೂರ್ಣ ಕ್ರಿಯೆ ಒಂದೇ. ಇಂಗ್ಲಿಷಿನ ಸಹಜ ರೂಪದಲ್ಲಿ ಎರಡು ಕರ್ತೃ, ಎರಡು ಪೂರ್ಣ ಕ್ರಿಯೆ, ನಡುವೆ 'ಅಂಡ್' ಅಥವಾ 'ಸೋ'. ಕನ್ನಡದ ಸಾಮಾನ್ಯ ವಾಕ್ಯ ಇಂಗ್ಲಿಷಿನಲ್ಲಿ ಸಂಯೋಜಿತವಾಗುವುದು ದಿನನಿತ್ಯದ ಸಂಗತಿ. ಡಿ. ಎನ್. ಶಂಕರ ಭಟ್ಟರು 2000ದಲ್ಲಿ ಪ್ರಕಟಿಸಿದ 'ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ' ಕನ್ನಡವನ್ನು ಪರಭಾಷೆಗಳ ಅಚ್ಚಿನಲ್ಲಿ ನೋಡುವುದರ ತೊಂದರೆಯನ್ನು ವಿಸ್ತಾರವಾಗಿ ತೋರಿಸಿತು. ಅವರ ವಾದ ಕನ್ನಡಕ್ಕಾಗಿ ಮಾಡಿದ್ದು. ಇಂಗ್ಲಿಷ್ ಚೆನ್ನಾಗಿ ಕಲಿಸುವುದಕ್ಕೂ ಅದು ಬೇಕು ಎಂಬುದನ್ನು ನಾನು ಸೇರಿಸುತ್ತೇನೆ.

ಷರತ್ತಿನ ವಾಕ್ಯಗಳಲ್ಲಿ ಎರಡೂ ಭಾಷೆಗಳು ಅಚ್ಚರಿಯಾಗುವಷ್ಟು ಹತ್ತಿರ ಬರುತ್ತವೆ. 'ಮಳಿ ಬಂದ್ರ ತೊಗರಿ ಬಿತ್ತತೀವಿ.' ಬರಬೇಕಾದ ಮಳೆಯ ಮಾತು, ಆದರೆ 'ಬಂದ್ರ' ಕಟ್ಟಿರುವುದು ಭೂತಕಾಲದ 'ಬಂದ್' ಎಂಬ ಅಂಗದ ಮೇಲೆ. ಇಂಗ್ಲಿಷಿನಲ್ಲಿ 'ಇಫ್ ಇಟ್ ರೇನ್ಸ್', ಅಲ್ಲಿ ವರ್ತಮಾನ ಕಾಲ. ಷರತ್ತಿನ ಭಾಗದಲ್ಲಿ ಭವಿಷ್ಯದ ರೂಪವನ್ನು ಎರಡು ಭಾಷೆಗಳೂ ಬಳಸುವುದಿಲ್ಲ. ಇದನ್ನು ಹೇಳಿಕೊಟ್ಟರೆ 'ಇಫ್ ಇಟ್ ವಿಲ್ ರೇನ್' ಎಂಬ ತಪ್ಪು ತಾನಾಗಿ ಕಡಿಮೆಯಾಗುತ್ತದೆ. ನಡೆಯದೇ ಹೋದ ಸಂಗತಿಯ ವಿಷಯದಲ್ಲಂತೂ ಹೋಲಿಕೆ ಇನ್ನೂ ಬಿಗಿ. 'ಮಳಿ ಬಂದಿದ್ರ ಬಿತ್ತತಿದ್ವಿ' ಎಂಬಲ್ಲಿ 'ಇದ್ದು' ಎರಡು ಕಡೆಯೂ ಬಂದು ಮಾತನ್ನು ಹಿಂದಕ್ಕೆ ಸರಿಸುತ್ತದೆ. ಇಂಗ್ಲಿಷಿನ 'ಹ್ಯಾಡ್ ರೇನ್ಡ್' ಮತ್ತು 'ವುಡ್ ಹ್ಯಾವ್ ಸೋನ್' ಅದೇ ಕೆಲಸ ಮಾಡುತ್ತವೆ. ಬಂದರೆ, ಬಂದಿದ್ದರೆ ಎಂಬ ಭೇದ ಬಲ್ಲ ಮಗುವಿಗೆ ಇಂಗ್ಲಿಷಿನ ಮೂರನೆಯ ಬಗೆಯ 'ಇಫ್' ವಾಕ್ಯ ಭಯ ಹುಟ್ಟಿಸಬೇಕಾಗಿಲ್ಲ. ಈ ರೂಪ ಈ ನೆಲದಲ್ಲಿ ಬಹಳ ಹಳೆಯದು. ಸುರಪುರ ಸೀಮೆಯ ಮುದನೂರಿನವನಾದ ದೇವರ ದಾಸಿಮಯ್ಯನ ಮತ್ತು ಅವನ ನಂತರದ ಶರಣರ ವಚನಗಳ ಭಾಷೆಯಲ್ಲಿ ಇದು 'ಡೆ'ಕಾರದಿಂದ ಕೊನೆಗೊಳ್ಳುತ್ತಿತ್ತು. ತತ್ತ್ವವನ್ನು ಷರತ್ತಿನ ವಾಕ್ಯದಲ್ಲಿ ಕಟ್ಟಿ ಕೇಳುಗನ ಮುಂದೆ ಇಡುವ ಕಲೆ ಇಲ್ಲಿನ ಮಾತಿಗೆ ಒಂಬೈನೂರು ವರ್ಷಕ್ಕೂ ಹಿಂದಿನಿಂದ ಬಂದಿದೆ.

ವಾಕ್ಯಪ್ರಕಾರಗಳಲ್ಲಿ ಹೇಳಿಕೆ, ಆಜ್ಞೆ, ಉದ್ಗಾರಗಳು ಹೆಚ್ಚು ತೊಂದರೆ ಕೊಡುವುದಿಲ್ಲ. 'ಬಾ', 'ಬರ್ರಿ'ಗಳ ನಡುವಿನ ಮರ್ಯಾದೆಯನ್ನು ಇಂಗ್ಲಿಷ್ ಕ್ರಿಯಾಪದ ತೋರಿಸಲಾರದು, 'ಪ್ಲೀಸ್' ಸೇರಿಸಬೇಕು ಎಂದರೆ ಮಕ್ಕಳು ಬೇಗ ಹಿಡಿಯುತ್ತಾರೆ. ಕಷ್ಟವಿರುವುದು ಪ್ರಶ್ನೆಯಲ್ಲಿ. 'ಬಂದಾನೇನು?' ಎಂದು ತುದಿಗೆ 'ಏನು' ಹಚ್ಚಿದರೆ ಕನ್ನಡದ ಪ್ರಶ್ನೆ ಸಿದ್ಧ, ಪದಗಳ ಸರಣಿ ಕದಲುವುದಿಲ್ಲ. ಇಂಗ್ಲಿಷಿನಲ್ಲಿ 'ಹ್ಯಾಸ್ ಹಿ ಕಮ್' ಎಂದು ಸಹಾಯಕ ಕ್ರಿಯೆಯನ್ನು ಮುಂದೆ ತರಬೇಕು. ಮಗು ಇದನ್ನು ಕಷ್ಟಪಟ್ಟು ಕಲಿಯುತ್ತದೆ. ಕಲಿತ ಮೇಲೆ ಅದೇ ಅಭ್ಯಾಸ ಇನ್ನೊಂದು ಕಡೆ ಅಡ್ಡ ಬರುತ್ತದೆ: 'ಅವ ಎಲ್ಲಿದ್ದಾನೋ ಗೊತ್ತಿಲ್ಲ' ಎನ್ನಲು 'ಐ ಡೋಂಟ್ ನೋ ವೇರ್ ಈಸ್ ಹಿ' ಎಂದು ಬರೆಯುತ್ತದೆ. ಪ್ರಶ್ನೆ ಉಪವಾಕ್ಯವಾದ ಕೂಡಲೇ ಇಂಗ್ಲಿಷ್ ಮತ್ತೆ ಹೇಳಿಕೆಯ ಸರಣಿಗೆ ಮರಳುತ್ತದೆ, 'ವೇರ್ ಹಿ ಈಸ್' ಆಗುತ್ತದೆ. ಕನ್ನಡದ 'ಓ' ಇಲ್ಲಿ ನೆರವಿಗೆ ಬರುತ್ತದೆ. 'ಎಲ್ಲಿದ್ದಾನ?' ಎಂದರೆ ಕೇಳುವ ಪ್ರಶ್ನೆ, 'ಎಲ್ಲಿದ್ದಾನೋ' ಎಂದರೆ ಒಳಗೆ ಕೂತ ಪ್ರಶ್ನೆ. 'ಓ' ಬಂದಲ್ಲಿ ಇಂಗ್ಲಿಷಿನ ಪದಗಳನ್ನು ತಿರುಗಿಸಬೇಡ ಎಂಬ ಒಂದೇ ಸೂಚನೆ ಸಾಕು. 'ಕ್ವೆಶ್ಚನ್ ಟ್ಯಾಗ್' ವಿಷಯವೂ ಇಷ್ಟೇ ಸರಳ: 'ಹೌದಿಲ್ಲೋ?' ಎಂಬ ಒಂದೇ ಬಾಲ ಕನ್ನಡದ ಎಲ್ಲ ವಾಕ್ಯಗಳಿಗೂ ಸಲ್ಲುತ್ತದೆ, ಇಂಗ್ಲಿಷಿನಲ್ಲಿ ಬಾಲವು ತಲೆಯ ಸಹಾಯಕ ಕ್ರಿಯೆಯನ್ನು ನೋಡಿ ಬದಲಾಗುತ್ತದೆ.

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದ ಇಂಗ್ಲಿಷ್ ಬಂದ ಮೇಲೆ ಮಾತಾಡಿಸುವ ಪಾಠಗಳಿಗೆ ಒತ್ತು ಹೆಚ್ಚಿದೆ. ಅದು ಒಳ್ಳೆಯದು. ಎನ್. ಎಸ್. ಪ್ರಭು ಬೆಂಗಳೂರಿನಲ್ಲಿ 1979ರಿಂದ ನಡೆಸಿದ ಪ್ರಯೋಗ ವ್ಯಾಕರಣವನ್ನು ನೇರವಾಗಿ ಹೇಳಿಕೊಡದೆ ಕೆಲಸಗಳ ಮೂಲಕವೇ ಇಂಗ್ಲಿಷ್ ಕಲಿಸಬಹುದು ಎಂದು ತೋರಿಸಲು ಹೊರಟಿತ್ತು, ಜಗತ್ತಿನ ಗಮನವನ್ನೂ ಸೆಳೆಯಿತು. ಆದರೆ ಆ ದಾರಿಗೆ ಮಗುವಿನ ಕಿವಿಗೆ ದಿನವೂ ಸಾಕಷ್ಟು ಇಂಗ್ಲಿಷ್ ಬೀಳಬೇಕು. ತಂದೆತಾಯಿ ಬೆಂಗಳೂರು, ಪುಣೆಗಳಿಗೆ ದುಡಿಯಲು ಹೋಗಿ, ಮಗು ಸುಗ್ಗಿ ಮುಗಿದ ಮೇಲೆ ಕೆಲ ತಿಂಗಳು ಶಾಲೆಗೇ ಬರದ ಹಳ್ಳಿಗಳಲ್ಲಿ ಅಷ್ಟು ಇಂಗ್ಲಿಷ್ ಕಿವಿಗೆ ಬೀಳುವುದಿಲ್ಲ. ಅಂಥ ಮಗುವಿಗೆ ನೇರವಾದ, ಮಿತವಾದ, ಮನೆಮಾತಿನಿಂದ ಹೊರಟ ವ್ಯಾಕರಣ ಬೇಕೇ ಬೇಕು. ಹತ್ತು ಪುಟದಲ್ಲಿ ಹಿಡಿಯುವಷ್ಟು: ಮೊದಲು 'ಅಂತ', ಆಮೇಲೆ 'ಓ', ನಂತರ 'ಬಂದ್ರ', ಕೊನೆಗೆ 'ಬಂದ'. ಸುಲಭದಿಂದ ಕಠಿಣಕ್ಕೆ ಹೋಗುವ ಈ ಕ್ರಮ ಮೇಲಿನ ವಿವರಣೆಯಿಂದಲೇ ಹೊರಡುತ್ತದೆ, ಏಕೆಂದರೆ ಮೊದಲ ಎರಡರಲ್ಲಿ ಕನ್ನಡವೂ ಪೂರ್ಣ ಕ್ರಿಯೆಯನ್ನೇ ಒಳಗೆ ಬಿಟ್ಟುಕೊಳ್ಳುತ್ತದೆ, ಕೊನೆಯದರಲ್ಲಿ ಮಗು ಹೊಸ ಪೂರ್ಣ ಕ್ರಿಯೆಯನ್ನು ತಾನೇ ಕಟ್ಟಬೇಕು.

ಕನ್ನಡ ತರಗತಿಯಲ್ಲಿ ಕೃದಂತದ ಪಾಠ, ಇಂಗ್ಲಿಷ್ ತರಗತಿಯಲ್ಲಿ ಉಪವಾಕ್ಯದ ಪಾಠ ಪ್ರೌಢಶಾಲೆಯಲ್ಲಿ ಹೆಚ್ಚುಕಡಿಮೆ ಒಂದೇ ವಯಸ್ಸಿನ ಮಕ್ಕಳಿಗೆ ನಡೆಯುತ್ತವೆ, ಆದರೆ ಒಬ್ಬ ಶಿಕ್ಷಕರ ಪಾಠ ಇನ್ನೊಬ್ಬ ಶಿಕ್ಷಕರಿಗೆ ತಿಳಿದಿರುವುದಿಲ್ಲ. ಯಾದಗಿರಿ, ಶಹಾಪುರ, ಸುರಪುರದ ಪ್ರೌಢಶಾಲೆಗಳ ಕನ್ನಡ ಮತ್ತು ಇಂಗ್ಲಿಷ್ ಶಿಕ್ಷಕರಲ್ಲಿ ನನ್ನ ವಿನಂತಿ ಇದು: ಆ ಎರಡು ಪಾಠಗಳನ್ನು ಒಂದೇ ವಾರದಲ್ಲಿ ಇಟ್ಟುಕೊಳ್ಳಿ, ಉದಾಹರಣೆಗಳನ್ನು ಮಕ್ಕಳ ಬಾಯಿಂದಲೇ ಪಡೆಯಿರಿ, ದಖನಿ ಮತ್ತು ತೆಲುಗಿನ ಮಕ್ಕಳನ್ನೂ ಅವರವರ ಮಾತಿನಲ್ಲಿ ಆ ವಾಕ್ಯ ಹೇಳಲು ಕೇಳಿ, ಇಂಗ್ಲಿಷ್ ಸೇರಿ ನಾಲ್ಕನ್ನೂ ಒಂದೇ ಕಪ್ಪುಹಲಗೆಯ ಮೇಲೆ ಬರೆದು ಕ್ರಿಯಾಪದಗಳ ಕೆಳಗೆ ಗೆರೆ ಎಳೆಸಿ.